ಅಗಿಯದ ಮುದ್ದೆ

ಲಕ್ವ ಹೊಡೆದು ಅಮ್ಮನ ಬಲಗೈ ಬಿದ್ದುಹೋಗಿತ್ತು, ಮಾತೂ ನಿಂತಿತ್ತು. ಮೂಗಿನಿಂದ ಹೊಟ್ಟೆಗೆ ಹಾಕಿದ್ದ ಪೈಪನ್ನು ಎಡಗೈಯಲ್ಲಿ ಎರಡು ಸಲ ಕಿತ್ತೆಸೆದಿದ್ದಳು. ಶುಕ್ರವಾರ ಕೋಲಾರದ ಡಾಕ್ಟರು ಮೂರು ದಿನದ ಗಡುವು ಕೊಟ್ಟು ಮನೆಗೆ ಕಳಿಸಿದರು.

"ಬಾಯಲ್ಲಿ ತಿಂದ್ರೆ ಸರಿ. ಇಲ್ಲಾಂದ್ರೆ ಸೋಮವಾರ ಮತ್ತೆ ಪೈಪು ಹಾಕ್ಬೇಕಾಗ್ತದೆ. ಏನ್ ಕೊಟ್ರೂ ಅಗಿದು ನುಂಗ್ಲಿ. ಹಂಗೇ ನುಂಗಿದ್ರೆ ಉಸಿರಿಗೆ ಸಿಕ್ಕೊಳ್ತದೆ."

ಮಾಸ್ತಿ ಊರಿನ ನಮ್ಮ ಮನೆಗೆ ಬಂದು ಗಂಜಿ ಉಗಿದಳು. ಇಡ್ಲಿ ಉಗಿದಳು. ಹಾಲಿನಲ್ಲಿ ಬ್ರೆಡ್ಡು ಅದ್ದಿಕೊಟ್ಟಾಗ ನನ್ನನ್ನು ನೋಡಿದ ನೋಟವಿದೆಯಲ್ಲ, ಅದನ್ನು ಬರೆಯಲಾರೆ. ಭಾನುವಾರ ಮಧ್ಯಾಹ್ನ, ಜೀವಮಾನದಲ್ಲೇ ಮೊದಲ ಸಲ ಕೋಲು ಹಿಡಿದು ರಾಗಿ ಮುದ್ದೆ ತಿರುವಿದೆ. ಬರೀ ಗಂಟು. ಚೆಲ್ಲಿ ಮತ್ತೆ ತಿರುವಿದೆ. ಹಿಟ್ಟು ತಿಂದವನು ಬೆಟ್ಟ ಕಿತ್ತಿಡುತ್ತಾನಂತೆ. ಹಿಟ್ಟು ಬೇಯಿಸಲೂ ಬಾರದವನು ಏನು ಕಿತ್ತಾನು!

ಆ ಗಡಿಬಿಡಿಯಲ್ಲಿ ಒಂದು ವಿಷಯ ಮರೆತೇಬಿಟ್ಟಿದ್ದೆ. ನಮ್ಮ ಕಡೆ ಮುದ್ದೆಯನ್ನು ಯಾರೂ ಅಗಿಯುವುದಿಲ್ಲ. ಮುರಿದು, ಸಾರಿನಲ್ಲಿ ಹೊರಳಿಸಿ, ನುಂಗುವುದು. ಚಿಕ್ಕವನಿದ್ದಾಗ ನಾನು ಅಗಿದರೆ ಅಮ್ಮ ತಲೆಗೆ ಮೊಟಕುತ್ತಿದ್ದಳು. ಅವಳ ತವರು ಆಂಧ್ರದ ಗಡಿಯ ಗೌನಿಪಲ್ಲಿ ಕಡೆ. ಸಿಟ್ಟು ಬಂದರೆ ತೆಲುಗು. "ಮಿಂಗ್ರಾ!" ಅಂದರೆ, ನುಂಗೋ ಅಂತ.

ತಟ್ಟೆ ಕಂಡದ್ದೇ ಅಮ್ಮನ ಕಣ್ಣು ಅರಳಿತು. ಎಡಗೈಯಲ್ಲೇ ತುತ್ತು ಮುರಿದು, ಹುರುಳಿ ಸಾರಿಗೆ ಅದ್ದಿ ಬಾಯಿಗಿಟ್ಟಳು. ನೇರ ಗಂಟಲಿಗೆ. ಕೆಮ್ಮು ಹತ್ತಿ ಮುಖ ಕಪ್ಪಿಟ್ಟಿತು. ಬೆನ್ನು ಗುದ್ದಿ ಗುದ್ದಿ ತುತ್ತು ಹೊರಗೆ ಬೀಳಿಸಿದೆ.

"ಅಗಿಯಮ್ಮಾ... ನಿನ್ ಕಾಲಿಗ್ ಬೀಳ್ತೀನಿ, ಒಂದೇ ಒಂದ್ ಸಲ ಅಗಿ."

ಅಳುತ್ತಲೇ ನಾನೊಂದು ತುತ್ತು ಬಾಯಿಗೆ ಹಾಕಿಕೊಂಡು ಅಗಿದು ತೋರಿಸಿದೆ. ಅವಳ ಹುಬ್ಬು ಗಂಟಿಕ್ಕಿತು. ಸೊಟ್ಟಗಾಗಿದ್ದ ತುಟಿ ಒದ್ದಾಡಿತು.

"ಮಿಂಗ್ರಾ."

ಅಷ್ಟು ದಿನಗಳ ಮೇಲೆ ಬಂದ ಮೊದಲ ಮಾತು. ನುಂಗಿದೆ. ಅಮ್ಮ ತಟ್ಟೆ ಸರಿಸಿ ಗೋಡೆಯ ಕಡೆ ಹೊರಳಿದಳು. ಆಮೇಲೆ ಏನು ಕೊಟ್ಟರೂ ಬಾಯಿ ತೆರೆಯಲಿಲ್ಲ.

ಸೋಮವಾರ ಪೈಪು ಹಾಕುವಾಗ ಆ ಎಡಗೈಯನ್ನು ಒತ್ತಿ ಹಿಡಿದವನು ನಾನೇ. ಪೈಪು ಗಂಟಲಲ್ಲಿ ನಿಂತಿತ್ತು. "ನುಂಗಜ್ಜಿ, ನುಂಗು, ಒಳಕ್ಕೋಗ್ತದೆ," ಎಂದು ನರ್ಸಮ್ಮ ಹೇಳುತ್ತಲೇ ಇದ್ದರು. ಅಮ್ಮ ಹಲ್ಲು ಕಚ್ಚಿದ್ದಳು. ನಾನು ಅವಳ ಕಿವಿಯ ಹತ್ತಿರ ಬಾಗಿದೆ.

"ಮಿಂಗಮ್ಮಾ."

ನನ್ನ ಮುಖವನ್ನೇ ನೋಡುತ್ತಾ ಅಮ್ಮ ನುಂಗಿದಳು.