ಡಿವೈಡರಿನ ಎದುರು ನೀಲಮ್ಮ ಅಕ್ಕೋರು

ನೀಲಮ್ಮ ಅಕ್ಕೋರು ರಸ್ತೆ ದಾಟುವಾಗ ಕಾಯುತ್ತಿರಲಿಲ್ಲ. ಬಲಗೈ ಚಾಚಿ, ಅಂಗೈ ತೋರಿಸಿ, ಸೀದಾ ಇಳಿದುಬಿಡುತ್ತಿದ್ದರು. ಇಂಡಿ ಕಡೆಯ ಬಸ್ಸಿರಲಿ, ಆಲಮೇಲದ ಕಡೆಯಿಂದ ಎರಡೆರಡು ಟ್ರೇಲರ್ ಕಬ್ಬು ಎಳೆದು ಬರುವ ಟ್ರ್ಯಾಕ್ಟರಿರಲಿ, ಬ್ರೇಕ್ ಒತ್ತಲೇಬೇಕು. ನಮ್ಮೂರ ಹೈಸ್ಕೂಲಿನಲ್ಲಿ ಇಡೀ ನೌಕರಿ ಪಿ.ಟಿ. ಕಲಿಸಿದ ಕೈ ಅದು. ಊರಿನ ಅರ್ಧ ಡ್ರೈವರುಗಳು ಆ ಕೈಯಿಂದ ಏಟು ತಿಂದವರು. ನಾನೂ ತಿಂದಿದ್ದೇನೆ.

ನಿವೃತ್ತರಾದ ಮೇಲೂ ಸಂಜೆ ಶಾಲೆ ಬಿಡುವ ಹೊತ್ತಿಗೆ ಗೇಟಿನ ಮುಂದೆ ಹಾಜರಿರುತ್ತಿದ್ದರು. ಇಳಕಲ್ ಸೀರೆ, ಕಾಲಲ್ಲಿ ಬಿಳಿ ಕ್ಯಾನ್ವಾಸ್ ಬೂಟು. ಮದುವೆ ಮನೆಗೂ ಅದೇ ಬೂಟು. ಹಳ್ಳಿಯ ಮಕ್ಕಳನ್ನೆಲ್ಲ ಎದುರಿನ ಬಸ್ ಸ್ಟ್ಯಾಂಡಿಗೆ ದಾಟಿಸಿದ ಮೇಲೆಯೇ ಮನೆಗೆ ಹೋಗುವುದು. ಗೇಟಿನ ಪಕ್ಕದಲ್ಲೇ ನನ್ನ ಔಷಧಿ ಅಂಗಡಿ ಇರುವುದರಿಂದ ಎಲ್ಲವೂ ನನ್ನ ಕಣ್ಣೆದುರೇ ನಡೆಯುತ್ತಿತ್ತು. ಒಮ್ಮೆ ಸ್ಪೀಕರಿನಲ್ಲಿ ಹಾಡು ಅಬ್ಬರಿಸುತ್ತ ಬಂದ ಟ್ರ್ಯಾಕ್ಟರನ್ನು ತಡೆದು ನಿಲ್ಲಿಸಿದರು.

“ಏ ತಮ್ಮಾ, ಮದ್ಲ ಆ ಹಾಡು ಬಂದ್ ಮಾಡು. ಹಿಂದಿನ ಗಾಲಿಗೆ ಯಾರರೆ ಸಿಕ್ಕು ಚೀರಿದ್ರ ನಿನಗ ಕೇಳತೈತೇನು?”

“ಕೇಳೂದಿಲ್ರಿ ಅಕ್ಕೋರ.”

“ಮತ್ತ?”

ಅವನು ಹಾಡು ನಿಲ್ಲಿಸಿದ. ಮುಂದಿನ ತಿರುವಿನಲ್ಲಿ ಮತ್ತೆ ಹಚ್ಚಿದ್ದು ನಮಗಿಬ್ಬರಿಗೂ ಕೇಳಿಸಿತು. “ಹಾಳಾಗಿ ಹೋಗ” ಎಂದು ಅಕ್ಕೋರು ಗೊಣಗಿಕೊಂಡರು.

ಆಮೇಲೆ ನಮ್ಮೂರಿಗೆ ಅಭಿವೃದ್ಧಿ ಬಂತು. ರಸ್ತೆ ಅಗಲವಾಯಿತು, ಶಾಲೆಯ ಮುಂದಿನ ಬೇವಿನ ಮರಗಳು ಹೋದವು, ನಡುವೆ ಸೊಂಟದೆತ್ತರದ ಡಿವೈಡರ್ ಎದ್ದಿತು. ಆ ಕಡೆ ಬಸ್ ಸ್ಟ್ಯಾಂಡು, ಈ ಕಡೆ ಶಾಲೆ, ದಾಟಲು ಎಲ್ಲೂ ಸಂದಿಲ್ಲ. ಸುತ್ತು ಹಾಕಿ ಬರಬೇಕೆಂದರೆ ಊರ ಹೊರಗಿನ ಸರ್ಕಲ್ಲಿಗೇ ಹೋಗಬೇಕು. ಮಕ್ಕಳು ಚೀಲ ಆಚೆಗೆ ಎಸೆದು, ಡಿವೈಡರ್ ಹತ್ತಿ ಜಿಗಿಯತೊಡಗಿದರು. ಬೈಕಿನವರು ಉಲ್ಟಾ ಬರತೊಡಗಿದರು. ಅಕ್ಕೋರ ಕೈ ಒಂದು ದಿಕ್ಕಿಗೆ ಚಾಚಿದ್ದರೆ ಗಾಡಿ ಇನ್ನೊಂದು ದಿಕ್ಕಿನಿಂದ ಬರುತ್ತಿತ್ತು.

ನನ್ನನ್ನು ಜೊತೆಗೆ ಕರೆದುಕೊಂಡು ಇಂಜಿನಿಯರ್ ಸಾಹೇಬರ ಹತ್ತಿರ ಹೋದರು.

“ಪ್ಲ್ಯಾನಿನ್ಯಾಗ ಅಲ್ಲಿ ಗ್ಯಾಪ್ ಇಲ್ರಿ ಮೇಡಂ” ಎಂದರು ಅವರು.

“ಪ್ಲ್ಯಾನಿನ್ಯಾಗ ಸಾಲಿ ಐತೇನ್ರಿ?”

ಸಾಹೇಬರು ನಕಾಶೆ ಬಿಚ್ಚಿ ನೋಡಿದರು. “ಐತ್ರಿ.”

“ಸಾಲಿ ಐತಿ ಅಂದ್ರ ಹುಡುಗ್ರೂ ಇರ್ತಾರಲ್ರಿ. ಅವ್ರೇನು ಹಾರಿ ಹೋಗಬೇಕೇನು?”

ಅದು ಹೆದ್ದಾರಿಯವರ ಕೆಲಸ ಎಂದರು ಸಾಹೇಬರು. ಹೆದ್ದಾರಿಯವರು, ಊರೊಳಗಿನದು ಪುರಸಭೆಯ ಕೆಲಸ ಎಂದರು. ಪುರಸಭೆಯವರು ಚಹಾ ಕುಡಿಸಿ ಕಳಿಸಿದರು. ಬಿಸಿಲಲ್ಲಿ ಹೊರಗೆ ಬಂದು ಅಕ್ಕೋರು, “ಮಲ್ಲ್ಯಾ, ಬೈದಿದ್ರರ ಛಲೋ ಇತ್ತು ನೋಡು. ಜಗಳಾ ಆಡಾಕರೆ ಬರ್ತಿತ್ತು. ಚಾ ಕುಡದು ಏನಂತ ಜಗಳಾ ಆಡ್ಲಿ?” ಎಂದರು.

ಕೊನೆಗೆ ಮಕ್ಕಳ ತಾಯಂದಿರನ್ನು ಕೂಡಿಸಿಕೊಂಡು ರಸ್ತೆಯಲ್ಲಿ ಕುರ್ಚಿ ಹಾಕಿ ಕುಳಿತರು. ಗಾಡಿಗಳು ಎರಡೂ ಕಡೆ ಸಾಲುಗಟ್ಟಿದವು. ಹಾರ್ನಿನ ಗದ್ದಲದಲ್ಲಿ ಅಧಿಕಾರಿಗಳು ಓಡಿ ಬಂದು ಮಾತು ಕೊಟ್ಟರು. ಮರುದಿನವೇ ಗೇಟಿನ ಮುಂದೆ ಒಂದು ಹಂಪ್ ಬಿತ್ತು. ಗ್ಯಾಪ್ ಸಿಗದಿದ್ದರೂ ಗಾಡಿಗಳ ವೇಗವಾದರೂ ಇಳಿಯಿತಲ್ಲ ಎಂದು ಅಕ್ಕೋರು ಪೇಡೆ ಹಂಚಿದರು. ಸ್ವಲ್ಪ ದಿನಕ್ಕೆ ಮಂತ್ರಿಗಳು ಊರಿಗೆ ಬರುವುದಿತ್ತು. ಅವರ ಕಾರು ಕುಲುಕಬಾರದೆಂದು ಹಂಪನ್ನು ಕೆತ್ತಿ ತೆಗೆದರು. ಮತ್ತೆ ಹಾಕಲೇ ಇಲ್ಲ.

ಆ ಮಳೆಗಾಲದಲ್ಲೇ ಆಗಬಾರದ್ದು ಆಯಿತು. ಎಂಟನೇ ತರಗತಿಯ ಹುಡುಗಿಯೊಬ್ಬಳ ಚೀಲ ಡಿವೈಡರಿನ ಕಂಬಿಗೆ ಸಿಕ್ಕು, ಅವಳು ಮೇಲೆಯೇ ಅಳುತ್ತ ನಿಂತಳು. ಎರಡೂ ಕಡೆ ಲಾರಿಗಳು. ಅಲ್ಲಿಯವರೆಗೆ ಒಮ್ಮೆಯೂ ಆ ಡಿವೈಡರ್ ಹತ್ತದಿದ್ದ ಅಕ್ಕೋರು ಹತ್ತಿದರು. ಹುಡುಗಿಯನ್ನು ಬಿಡಿಸಿ ಆಚೆ ಇಳಿಸಿದರು. ತಾವು ಇಳಿಯುವಾಗ ಜಾರಿ ಬಿದ್ದರು. ನಾನು ಓಡಿ ಹೋಗುವಷ್ಟರಲ್ಲಿ ಸೊಂಟದ ಎಲುಬು ಮುರಿದಿತ್ತು. ವಿಜಯಪುರದಲ್ಲಿ ಆಪರೇಶನ್ ಆಯಿತು. ಮದುವೆಯಾಗಿರದ ಅವರನ್ನು ಮುದ್ದೇಬಿಹಾಳದ ತಂಗಿ ಮನೆಗೆ ಕರೆದೊಯ್ದರು.

ಅವರನ್ನು ನಾನು ಕೊನೆಯ ಸಲ ನೋಡಿದ್ದು ಅಲ್ಲೇ. ಮಂಚದ ಮೇಲೆ ಸಣ್ಣಗಾಗಿ ಮಲಗಿದ್ದರು. ಮೊದಲ ಪ್ರಶ್ನೆಯೇ, “ಗ್ಯಾಪ್ ಏನಾತು?”

“ಮಂಜೂರಾಗೇತ್ರಿ ಅಕ್ಕೋರ.”

“ಮಂಜೂರಾಗೇತಿ ಅಂತೀಯೋ, ಮಾಡ್ಯಾರ ಅಂತೀಯೋ?”

“ಮಾಡ್ಯಾರ್ರಿ.” ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಅವರ ಮುಂದೆ ಅರ್ಧ ಮಾತು ನುಂಗುವುದು ನನಗೆ ಎಂದೂ ಸಾಧ್ಯವಾಗಿಲ್ಲ. “ಸಾಲಿ ಮುಂದ ಅಲ್ರಿ. ಹೊಸಾ ಕಲ್ಯಾಣ ಮಂಟಪ ಆಗೇತಲ್ರಿ, ಅದರ ಮುಂದ.”



“ಹುಡುಗ್ರು ಅಲ್ಲಿತನಕಾ ನಡದು ಹೋಗತಾರೇನು?”

“ಇಲ್ರಿ. ಈಗೂ ಹತ್ತಿ ಜಿಗೀತಾರ್ರಿ.”

ಎಷ್ಟು ದೊಡ್ಡ ದನಿಯಲ್ಲಿ ಬೈದಾರೋ ಎಂದು ಕಾದೆ. ಅವರು ಗೋಡೆಯ ಕಡೆ ಮುಖ ತಿರುಗಿಸಿ, “ನೀ ಹೋಗು ಮಲ್ಲ್ಯಾ. ಬಸ್ ತಪ್ಪೀತು” ಎಂದರು. ಅಷ್ಟು ಮೆತ್ತಗಿನ ದನಿಯನ್ನು ನಾನು ಅವರಿಂದ ಕೇಳಿರಲೇ ಇಲ್ಲ. ಕೆಲವು ವಾರಗಳಲ್ಲಿ ಸುದ್ದಿ ಬಂತು.

ಈಗ ಡಿವೈಡರಿಗೆ ಬಣ್ಣ ಬಳಿದಿದ್ದಾರೆ. ನಡುವೆ ಮಣ್ಣು ತುಂಬಿ ಹೂವಿನ ಗಿಡ ನೆಟ್ಟಿದ್ದಾರೆ. ದಿನಾ ಮುಂಜಾನೆ ನೀರಿನ ಟ್ಯಾಂಕರ್ ತಪ್ಪದೇ ಬರುತ್ತದೆ. ಶಾಲೆಯ ಗೇಟಿಗೆ ಸರಿಯಾಗಿ ಎದುರು, ಮಕ್ಕಳು ಹತ್ತುವ ಜಾಗದಲ್ಲೇ, ಹೊಸ ಬೋರ್ಡು ನಿಲ್ಲಿಸಿದ್ದಾರೆ: ಗಿಡಗಳನ್ನು ತುಳಿಯಬಾರದು.