ದೊಡ್ಡದು ಮಾಡಿದ ದೀಪ

ಶಕುನ, ಗಾಳಿ, ದೆವ್ವ ಎನ್ನುವವರನ್ನು ನಾನು ಗೋಳು ಹೊಯ್ದುಕೊಳ್ಳುತ್ತಿದ್ದವಳು. ಅಳತೆಗೆ ಸಿಗದ್ದು ಇಲ್ಲವೇ ಇಲ್ಲ ಎಂಬ ಜಂಬ ನನ್ನದು. ಈಗಲೂ ದೆವ್ವದಲ್ಲಿ ನನಗೆ ನಂಬಿಕೆಯಿಲ್ಲ. ಆದರೆ ಕೆಲವು ವರ್ಷಗಳ ಹಿಂದೆ ಒಂದು ಸಂಜೆ ದೇಸೂರಿನ ಹತ್ತಿರ ನಡೆದದ್ದನ್ನು ಏನೆಂದು ಕರೆಯಬೇಕೋ ತಿಳಿಯದೆ ಇಲ್ಲಿ ಬರೆಯುತ್ತಿದ್ದೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು. ನಂಬಿಸಲು ಹೋಗಿ ನಾನು ಒಮ್ಮೆ ಕೆಟ್ಟಿದ್ದೇನೆ.

ಬೆಳಗಾವಿಯಲ್ಲಿ ವಾಹನಗಳ ಉಪಕರಣ ತಯಾರಿಸುವ ಒಂದು ಸಣ್ಣ ಕಂಪನಿಯಲ್ಲಿ ಆಗ ನಾನು ಇಂಜಿನಿಯರ್. ಕಾರಿನ ವೇಗ ಮುಂದಿನ ಗಾಜಿನ ಮೇಲೆಯೇ ಕಾಣುವಂತೆ ಮಾಡುವ ಪೆಟ್ಟಿಗೆ ನಮ್ಮದು. ಚಾಲಕ ತಲೆ ತಗ್ಗಿಸಬೇಕಿಲ್ಲ, ಅಂಕಿಗಳು ರಸ್ತೆಯ ಮೇಲೆ ತೇಲುತ್ತಿರುವಂತೆ ತೋರುತ್ತವೆ. ಆ ಅಂಕಿಗಳ ಹಿಂದಿನ ಬೆಳಕು ಎಷ್ಟಿರಬೇಕು ಎಂದು ಗೊತ್ತುಮಾಡುವುದು ನನ್ನ ಪಾಲಿನ ಕೆಲಸ. ಮಧ್ಯಾಹ್ನದ ಬಿಸಿಲಿಗೆ ಬೇಕಾಗುವಷ್ಟು ಬೆಳಕು ಮೂರುಸಂಜೆಗೆ ಕಣ್ಣು ಕುಕ್ಕುತ್ತದೆ, ಗಾಜಿನ ಆಚೆ ಏನಿದೆಯೆಂದೇ ಕಾಣುವುದಿಲ್ಲ. ಬೆಳಕು ತಾನಾಗಿ ಏರಿಳಿಯಲೆಂದು ಒಂದು ಸೆನ್ಸರ್ ಇತ್ತು. ಖಾನಾಪುರ ರಸ್ತೆಯ ಮರಗಳ ನೆರಳಿನಲ್ಲಿ ಅದು ತಲೆಕೆಟ್ಟಂತೆ ಮಿಣುಕುತ್ತಿತ್ತು. ಹಾಗಾಗಿ ಸೆನ್ಸರ್ ಕಳಚಿಟ್ಟು, ನಾನು ಆಫೀಸಿನಲ್ಲಿ ಕುಳಿತು ಲ್ಯಾಪ್‌ಟಾಪಿನಿಂದ ಬೆಳಕು ಬದಲಿಸುವುದು, ಚಾಲಕ ಓಡಿಸಿ ನೋಡಿ ಫೋನಿನಲ್ಲಿ ಹೇಳುವುದು ಎಂದಾಯಿತು. ಕಾರಿನಲ್ಲಿ ಅದಕ್ಕೊಂದು ಗುಂಡಿ ಇಡಲಿಲ್ಲ. ಚಾಲಕರ ಕೈಗೆ ಕೊಟ್ಟರೆ ಪರೀಕ್ಷೆ ಕೆಡುತ್ತದೆ ಎಂದವಳು ನಾನೇ.

ಚಾಲಕ ಈರಪ್ಪ ಮೂಲತಃ ಹಲಸಿಯವರು, ಖಾನಾಪುರದಲ್ಲಿ ಮನೆ ಮಾಡಿದ್ದರು. ಐವತ್ತು ದಾಟಿದ ಮನುಷ್ಯ. ಹಣೆಗೆ ವಿಭೂತಿ ಇಲ್ಲದೆ ಸ್ಟಿಯರಿಂಗ್ ಮುಟ್ಟುತ್ತಿರಲಿಲ್ಲ. ನನ್ನ ಪೆಟ್ಟಿಗೆಯ ಗುಣದೋಷ ನನಗಿಂತ ಚೆನ್ನಾಗಿ ಅವರಿಗೆ ಗೊತ್ತಿತ್ತು. "ಬಾಯಾರ, ಅಂಕಿ ನೋಡಾಕ ಹೋದ್ರ ದಾರಿ ಕಾಣಂಗಿಲ್ಲ, ದಾರಿ ನೋಡಾಕ ಹೋದ್ರ ಅಂಕಿ ಕಾಣಂಗಿಲ್ಲ. ಎರಡರಾಗ ಒಂದರ ಕೊಡ್ರಿ" ಎನ್ನುತ್ತಿದ್ದರು.

ಒಂದು ದಿನ ಹೊತ್ತು ಮುಳುಗುವಾಗ ಖಾನಾಪುರದಿಂದ ಅವರ ಫೋನ್ ಬಂತು. "ದೀಪ ಹಚ್ಚೂ ಹೊತ್ತಾತ್ರಿ ಬಾಯಾರ. ಗಾಜಿನ ಮ್ಯಾಲಿನ ದೀಪಾ ದೊಡ್ಡದ ಮಾಡಿಬಿಡ್ರಿ, ನಾ ಹೊಳ್ಳಿ ಬರತೀನಿ." ದೊಡ್ಡದು ಎಂದರಲ್ಲ, ನಾನು ಬೆಳಕನ್ನು ಪೂರ್ತಿ ಏರಿಸಿದೆ. ಕತ್ತಲಾಗುವಾಗ ಇಷ್ಟೊಂದು ಯಾಕೆ ಎಂದು ಅನುಮಾನ ಬಂದದ್ದು ನಿಜ. ಮನೆಗೆ ಹೋಗುವ ಅವಸರದಲ್ಲಿ ಕೇಳಲಿಲ್ಲ. ಬೆಳಕು ಕಣ್ಣು ಕುಕ್ಕುತ್ತಿದ್ದರೂ ಅವರು ಈಗ ಸರಿಹೋಗುತ್ತದೆ, ಈಗ ಸರಿಹೋಗುತ್ತದೆ ಎಂದುಕೊಂಡು ಓಡಿಸಿದರಂತೆ. ದೇಸೂರಿನ ಹತ್ತಿರ ಹಿಂದೆ ದೀಪವಿಲ್ಲದೆ ನಿಂತಿದ್ದ ಕಬ್ಬಿನ ಟ್ರೇಲರಿಗೆ ಕಾರು ಬಡಿಯಿತು. ಅವರ ಬಲಗಾಲು ಮೂರು ಕಡೆ ಮುರಿಯಿತು.

ಕಂಪನಿ ವಿಚಾರಣೆ ನಡೆಸಿತು. ನನ್ನ ಫೋನಿನಲ್ಲಿ ರೆಕಾರ್ಡ್ ಆಗಿ ಉಳಿದಿದ್ದ ಅವರ ಮಾತನ್ನೇ ಸಾಕ್ಷಿ ಮಾಡಿದರು. ಪುಣೆಯಿಂದ ಬಂದ ಸಾಹೇಬರಿಗೆ ಅದನ್ನು ಮರಾಠಿಯಲ್ಲಿ ತಿಳಿಸಿ ಹೇಳಿದವಳೂ ನಾನೇ. ಬೆಳಕು ಹೆಚ್ಚಿಸಲು ಚಾಲಕನೇ ಕೇಳಿದ, ತಪ್ಪು ಅವನದೇ ಎಂದು ವರದಿಯಾಯಿತು. ಆಸ್ಪತ್ರೆಯಲ್ಲಿದ್ದ ಈರಪ್ಪನವರನ್ನು ಯಾರೂ ಕೇಳಲಿಲ್ಲ. ನಾನು ಸಹಿ ಹಾಕಿದೆ. ಅವರ ಕೆಲಸ ಹೋಯಿತು.

ತಿಂಗಳ ಮೇಲೆ ಅವರನ್ನು ನೋಡಲು ಖಾನಾಪುರದ ಮನೆಗೆ ಹೋದೆ. ಚಹಾ ಕುಡಿದು ಏಳುವ ಹೊತ್ತಿಗೆ ಅವರ ಹೆಂಡತಿ ಗಂಗವ್ವ ಮಗಳಿಗೆ, "ದೇವರ ಮುಂದಿನ ದೀಪಾ ದೊಡ್ಡದ ಮಾಡವಾ, ಎಣ್ಣಿ ತೀರೇತಿ" ಅಂದರು. ಆ ಹುಡುಗಿ ಹೋಗಿ ಒಂದು ಹೂವಿನಿಂದ ದೀಪವನ್ನು ಆರಿಸಿದಳು. ಈರಪ್ಪನವರ ಫೋನಿನ ಮಾತು ಆಗ ನನಗೆ ಅರ್ಥವಾಯಿತು. ದೀಪ ಆರಿಸು ಎನ್ನುವುದು ಅಶುಭವೆಂದು ಈ ಕಡೆಯವರು ದೊಡ್ಡದು ಮಾಡು ಎನ್ನುತ್ತಾರೆ. ನನ್ನ ಮನೆಮಾತು ಮರಾಠಿ. ನಮ್ಮಲ್ಲೂ ಬಳೆ ಒಡೆದರೆ 'ವಾಢವಲಿ' ಎನ್ನುತ್ತಾರೆ, ಹೆಚ್ಚಾಯಿತು ಎಂದ ಹಾಗೆ. ಶಾಲೆಯಲ್ಲಿ ಕಲಿತ ನನ್ನ ಕನ್ನಡಕ್ಕೆ ಮಾತ್ರ ಇದು ಹೊಳೆದಿರಲಿಲ್ಲ. ಈರಪ್ಪ ನನ್ನ ಮುಖ ನೋಡಿದರು. ಗೊತ್ತಾದದ್ದನ್ನು ನಾನು ಹೇಳಲಿಲ್ಲ. ಸಹಿ ಹಾಕಿ ಆಗಿತ್ತು, ನೌಕರಿ ಬೇಕಾಗಿತ್ತು. ಹೇಡಿತನಕ್ಕೆ ಬೇರೆ ಹೆಸರು ಇಡುವುದಿಲ್ಲ.

ಅದಾಗಿ ಹದಿನೈದು ದಿನಕ್ಕೆ ದುರಸ್ತಿಯಾದ ಅದೇ ಕಾರನ್ನು ನಾನೇ ಓಡಿಸಿಕೊಂಡು ಖಾನಾಪುರದಿಂದ ವಾಪಸು ಬರುತ್ತಿದ್ದೆ. ಹೊಸ ಚಾಲಕ ಇನ್ನೂ ಸಿಕ್ಕಿರಲಿಲ್ಲ. ಲ್ಯಾಪ್‌ಟಾಪು ಆಫೀಸಿನ ಕಪಾಟಿನಲ್ಲಿತ್ತು, ಅದರ ಕೀಲಿ ನನ್ನ ಪರ್ಸಿನಲ್ಲಿ. ಬೆಳಕನ್ನು ಅರ್ಧಕ್ಕೆ ನಿಲ್ಲಿಸಿ ಬಂದಿದ್ದೆ. ದೇಸೂರು ಸಮೀಪಿಸುವಾಗ ಮಬ್ಬುಗತ್ತಲೆ. ಗಾಜಿನ ಮೇಲೆ ನಲವತ್ತೆಂಟು ಎಂದು ಹೊಳೆಯುತ್ತಿತ್ತು. ನೋಡನೋಡುತ್ತಿದ್ದಂತೆ ಅದು ಬತ್ತಿ ತಗ್ಗಿಸಿದ ಹಾಗೆ ಮೆಲ್ಲಗೆ ಸಣ್ಣಗಾಗಿ ಆರಿಹೋಯಿತು. ಆ ಪೆಟ್ಟಿಗೆಗೆ ಹಾಗೆ ಆರಲು ಬರುವುದೇ ಇಲ್ಲ, ಅದು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಅಂಕಿ ಇದ್ದ ಜಾಗದ ಹಿಂದೆಯೇ ಒಬ್ಬ ಮುದುಕ ಎಮ್ಮೆ ಹೊಡೆದುಕೊಂಡು ರಸ್ತೆ ದಾಟುತ್ತಿದ್ದ. ಬ್ರೇಕು ಒತ್ತಿದೆ. ಎಮ್ಮೆಗೂ ಕಾರಿಗೂ ಒಂದು ಗೇಣು ಉಳಿದಿತ್ತು. ಮುದುಕ ನನ್ನನ್ನು ಮರಾಠಿಯಲ್ಲಿ ಬೈದು ಮುಂದೆ ಹೋದ. ಮತ್ತೆ ನೋಡಿದರೆ ಗಾಜಿನ ಮೇಲೆ ಸೊನ್ನೆ, ಮೊದಲಿನಷ್ಟೇ ಬೆಳಕಿನಲ್ಲಿ.

ಮರುದಿನ ಪೆಟ್ಟಿಗೆಯ ದಾಖಲೆ ತೆಗೆದೆ. ಬೆಳಕು ಒಂದು ಕ್ಷಣವೂ ಆರಿರಲಿಲ್ಲ. ನಾನು ಬ್ರೇಕು ಒತ್ತಿದ ಗಳಿಗೆ ಅದರಲ್ಲಿತ್ತು, ವಿದ್ಯುತ್ತು ಆಗಲೂ ಒಂದೇ ಸಮ ಹರಿದಿತ್ತು. ಪೆಟ್ಟಿಗೆ ಬಿಚ್ಚಿ ಒಂದೊಂದೇ ತಂತಿ ಹುಡುಕಿದೆ. ಕಣ್ಣಿನ ಡಾಕ್ಟರಿಗೂ ತೋರಿಸಿದೆ. ಎಲ್ಲೂ ದೋಷವಿಲ್ಲ. ಈರಪ್ಪ ಕೇಳಿದ್ದು ನನಗೆ ಸಿಕ್ಕಿತ್ತು, ಕೇಳದೆಯೇ. ಯಾರು ಕೊಟ್ಟರೋ, ಅವರಿಗೆ ಕೊಡದೆ ನನಗೇಕೆ ಕೊಟ್ಟರೋ ಇಂದಿಗೂ ನನಗೆ ಗೊತ್ತಿಲ್ಲ. ಆ ದಯೆ ನೆನೆದರೆ ಈಗಲೂ ಸಿಟ್ಟು ಬರುತ್ತದೆ.

ಅಂದೇ ಕಂಪನಿಗೆ ಪತ್ರ ಬರೆದೆ. ಈರಪ್ಪನವರ ಮಾತಿನ ಅರ್ಥವೇನು, ತಪ್ಪು ಯಾರದು ಎಂದು ಬಿಡಿಸಿ ಬರೆದು, ಅದರ ಕೆಳಗೆ ದೇಸೂರಿನ ಸಂಜೆಯನ್ನೂ ಬರೆದೆ. ಮುಚ್ಚಿಟ್ಟದ್ದು ಸಾಕಾಗಿತ್ತು, ಈ ಸಲ ಏನನ್ನೂ ಬಿಡಬಾರದೆಂಬ ಹಟ. ಮೇಲಿನವರು ಕೆಳಗಿನದನ್ನು ಮಾತ್ರ ಹಿಡಿದರು. ಮ್ಯಾನೇಜರು ಬಹಳ ಮೆತ್ತಗೆ, "ಮ್ಯಾಡಮ್, ಅಪಘಾತ ನಿಮ್ಮ ತಲಿಗೆ ಹತ್ತೇತಿ. ಎಂಟ ದಿನ ರಜಾ ತಗೋರಿ" ಎಂದರು. ಉರಿಯುವ ದೀಪ ಆರಿತೆನ್ನುವವಳು ಇನ್ನೊಬ್ಬರ ಮಾತಿಗೆ ಅರ್ಥ ಹೇಳಲು ಬಂದಿದ್ದಾಳೆ ಎಂದು ಹಿಂದಿನಿಂದ ನಕ್ಕರಂತೆ. ವರದಿ ಇದ್ದ ಹಾಗೇ ಉಳಿಯಿತು. ಆ ವರದಿಯಿಂದಾಗಿ ಈರಪ್ಪನವರಿಗೆ ಬೇರೆಲ್ಲೂ ಗಾಡಿ ಓಡಿಸುವ ಕೆಲಸ ಸಿಗಲಿಲ್ಲ.

ಅವರ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಈರಪ್ಪ ಊರುಗೋಲನ್ನು ಮಗ್ಗುಲಿಗೆ ಇಟ್ಟುಕೊಂಡು ಕೊನೆಯವರೆಗೂ ಕೇಳಿದರು.

"ಮೊದಲಿಂದು ಬರೆದದ್ದು ಚಲೋ ಆತ್ರಿ," ಅಂದರು. "ಎರಡನೇದ ಯಾಕ ಬರೆದ್ರಿ?"

"ಅದೂ ಖರೇನ ಇತ್ತಲ್ಲರಿ ಕಾಕಾ, ಸುಳ್ಳಲ್ರಿ."

"ಇದ್ದೀತು. ನನಗ ಒಂದ ಖರೇ ಸಾಕಾಗಿತ್ತು ಬಾಯಾರ."