ದೋಟಿಗೆ ಕಟ್ಟಿದ ಆಂಟೆನಾ

ನಮ್ಮ ಹಿತ್ತಿಲಲ್ಲಿ ಒಂದೇ ಒಂದು ಅಡಿಕೆ ಮರ ಇಲ್ಲ. ಆದರೂ ಕಳೆದ ತಿಂಗಳು ನಮ್ಮ ಟೆರೇಸಿನ ಮೇಲೆ ಅಡಿಕೆ ಕೊಯ್ಯುವ ಉದ್ದದ ದೋಟಿಯೊಂದು ಆಕಾಶ ನೋಡುತ್ತಾ ನಿಂತಿತ್ತು.

ಬೆಳ್ಳಾರೆ ಪೇಟೆಗೆ ಹೋಗುವವರು, ಬರುವವರು ಎಲ್ಲರೂ ತಲೆಯೆತ್ತಿ ನೋಡಿದರು. ದೋಟಿಯ ಯಜಮಾನರು ಪಕ್ಕದ ಮನೆಯ ಶಿವಣ್ಣ ಗೌಡರು. ಅವರಂತೂ ಗೇಟಿನ ಹತ್ತಿರ ನಿಂತು ಕೇಳಿಯೇ ಬಿಟ್ಟರು.

"ಎಂತ ಟೀಚರ್ ಇದು? ಮೋಡದಲ್ಲಿ ಅಡಿಕೆ ಹಣ್ಣಾಗಿದೆಯಾ?"

"ಶಾಲೆಯ ಸೈನ್ಸ್ ಕ್ಲಬ್ಬಿಗೆ ಮಾರಾಯ್ರೆ," ಎಂದೆ.

ಸುಳ್ಳು. ನನ್ನ ಗಂಡ ದುಬೈಗೆ ವಾಪಸ್ ಹೋಗುವ ವಿಮಾನದ ಪೈಲಟ್ ರೇಡಿಯೊದಲ್ಲಿ ಆಡುವ ಮಾತು ನನಗೆ ಕೇಳಬೇಕಿತ್ತು, ಅಷ್ಟೇ.

ಈ ಅಂಕಣ ಓದುವವರಿಗೆ ನಮ್ಮವರು ಹೊಸಬರಲ್ಲ. (ಹೊಸ ಓದುಗರಿಗೆ: ಹೆಸರು ಹಮೀದ್, ದುಬೈಯಲ್ಲಿ ಟೈಲ್ಸ್ ಅಂಗಡಿಯ ಸೂಪರ್‌ವೈಸರ್, ಎರಡು ವರ್ಷಕ್ಕೊಮ್ಮೆ ಬರುತ್ತಾರೆ. ಒಳ್ಳೆಯ ಮನುಷ್ಯ, ಗೊರಕೆ ಜೋರು.) ಮಗಳು ಮದುವೆಯಾಗಿ ಕಡಬ ಸೇರಿದ ಮೇಲೆ ಮನೆಯಲ್ಲಿ ನಾನೊಬ್ಬಳೇ. ಶಾಲೆಯಲ್ಲಿ ಇಡೀ ದಿನ ಗಲಾಟೆ, ಮನೆಗೆ ಬಂದರೆ ಮಿಕ್ಸಿಯ ಶಬ್ದವೂ ಹಿತವಾಗಿ ಕೇಳುತ್ತದೆ.

ಅವರು ಹೊರಡುವುದನ್ನು ನಾನು ನೋಡುವುದು ಗೇಟಿನವರೆಗೆ ಮಾತ್ರ. ಕಾರು ತಿರುವು ದಾಟಿದರೆ ಮುಗಿಯಿತು. ಆಮೇಲೆ ಸ್ವಲ್ಪ ಹೊತ್ತಿಗೆ ಫೋನ್ ಸ್ವಿಚ್ ಆಫ್. ‘ಮುಟ್ಟಿದೆ’ ಎಂಬ ಮೆಸೇಜ್ ಬರುವವರೆಗೆ ಅವರು ನನ್ನ ಪಾಲಿಗೆ ಎಲ್ಲಿಯೂ ಇರುವುದಿಲ್ಲ. ಅಷ್ಟು ಹೊತ್ತು ನನಗೆ ಅನ್ನ ಸೇರುವುದಿಲ್ಲ. ಇಷ್ಟು ವರ್ಷವಾದರೂ ಅಭ್ಯಾಸವಾಗಿಲ್ಲ.

ವಿಮಾನ ಎಲ್ಲಿದೆ ಎಂದು ತೋರಿಸುವ ಆ್ಯಪ್ ಇದೆಯಲ್ಲ ಎನ್ನುತ್ತೀರಿ. ನೋಡಿದ್ದೇನೆ. ಪುಟ್ಟ ವಿಮಾನವೊಂದು ನೀಲಿ ಸಮುದ್ರದ ಮೇಲೆ ತೆವಳುತ್ತದೆ. ಆದರೆ ಅದಕ್ಕೆ ಸ್ವರ ಇಲ್ಲವಲ್ಲ?

ಪುತ್ತೂರಿನಲ್ಲಿ ನನ್ನ ಗೆಳತಿ ಲೀನಾ ಇದ್ದಾಳೆ. ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುತ್ತಾಳೆ, ಮನೆಯಲ್ಲಿ ಹ್ಯಾಮ್ ರೇಡಿಯೊ ಹುಚ್ಚು. ಪೈಲಟ್‌ಗಳ ಮಾತು ಹಿಡಿಯುವ ಒಂದು ಪುಟ್ಟ ರಿಸೀವರ್ ಅವಳ ಹತ್ತಿರ ಸುಮ್ಮನೆ ಬಿದ್ದಿತ್ತು. ಕೊಡುವಾಗ ಹೇಳಿದಳು, "ರೇಡಿಯೊ ಯಾವುದಾದರೂ ಆಗ್ತದೆ ಜುಬೈದಾ. ಕೆಲಸ ಮಾಡುದು ಆಂಟೆನಾ."

ಸರಿ, ಆಂಟೆನಾ ಹುಡುಕಲು ಕೂತೆ. ಇದಕ್ಕಿಂತ ಮದುವೆ ಸೀರೆ ಆರಿಸುವುದೇ ವಾಸಿ! ಆನ್‌ಲೈನಿನಲ್ಲಿ ನೂರಿನ್ನೂರು ರೂಪಾಯಿಗೆ ಎಳೆದು ಉದ್ದ ಮಾಡುವ ಕಡ್ಡಿ ಸಿಗುತ್ತದೆ. ಕೆಳಗೆ ನಾಲ್ಕು ಕಾಲು ಚಾಚಿಕೊಂಡಿರುವ ‘ಗ್ರೌಂಡ್ ಪ್ಲೇನ್’ ಎಂಬುದಕ್ಕೆ ಕೆಲವು ಸಾವಿರ. ಅದಕ್ಕೂ ಮೇಲೆ ‘ಡಿಸ್ಕೋನ್’, ಬಟ್ಟೆ ಹರಿದುಹೋದ ಕೊಡೆಯ ಹಾಗಿರುವುದು. ಅದರ ಬೆಲೆಗೆ ಇನ್ನೊಂದಿಷ್ಟು ಸೇರಿಸಿದರೆ ನಾನೇ ದುಬೈಗೆ ಟಿಕೆಟ್ ತೆಗೆಯಬಹುದು. (ಯಾಕೆ ತೆಗೆಯಲಿಲ್ಲ ಎಂದು ಕೇಳಬೇಡಿ. ಅಲ್ಲಿ ಒಂದು ರೂಮಿನಲ್ಲಿ ಆರು ಜನ ಗಂಡಸರು ಇರುವುದು.)

ಪುತ್ತೂರಿನ ಡಿಶ್ ಅಂಗಡಿಯಲ್ಲೂ ವಿಚಾರಿಸಿದೆ.

"ವಿಮಾನದ್ದಾ? ಅದೆಲ್ಲ ಇಲ್ಲ ಮೇಡಂ. ಹಳೇ ಟಿವಿ ಆಂಟೆನಾ ಒಂದುಂಟು, ಕೊಂಡೋಗಿ. ವಿಮಾನ ಬರದಿದ್ರೆ ಚಂದನ ಆದ್ರೂ ಬರ್ತದೆ."

ಟಿವಿಯ ಆಂಟೆನಾ ಅಡ್ಡ ಮಲಗಿರುತ್ತದೆ. ವಿಮಾನದ ಮಾತು ಹಿಡಿಯುವುದಕ್ಕೆ ನೆಟ್ಟಗೆ ನಿಂತದ್ದೇ ಬೇಕು. ಅಷ್ಟು ನಾನೂ ಓದಿಕೊಂಡಿದ್ದೆ. ಕೊನೆಗೆ ಲೀನಾಳಿಗೇ ಫೋನ್ ಮಾಡಿದೆ.

"ದುಡ್ಡು ಹಾಳು ಮಾಡ್ಬೇಡ ಮಾರಾಯ್ತಿ. ಎರಡು ತುಂಡು ತಂತಿ ಸಾಕು, ಒಂದೊಂದು ಎರಡಡಿಗೆ ಸ್ವಲ್ಪ ಕಡಿಮೆ. ಒಂದು ಮೇಲೆ, ಒಂದು ಕೆಳಗೆ, ನಡುವಿಂದ ಕೇಬಲ್. ಮತ್ತೆ ಆದಷ್ಟು ಎತ್ತರದಲ್ಲಿ ಇಡು."

ತಂತಿ ಇತ್ತು. ಡಿಶ್ ಹಾಕಿದಾಗ ಉಳಿದ ಕೇಬಲ್ ಇತ್ತು. ಎತ್ತರಕ್ಕೆ ಏನು ಮಾಡುವುದು? ನಮ್ಮ ತಾಲೂಕಿನಲ್ಲಿ ಎತ್ತರ ಎಂದ ಕೂಡಲೇ ಯಾರಿಗಾದರೂ ನೆನಪಾಗುವುದು ಒಂದೇ, ದೋಟಿ. ಈಗಿನ ದೋಟಿ ಎಂದರೆ ಕಾರ್ಬನ್ ಫೈಬರಿನದ್ದು. ಹಗುರ, ಎಳೆದಷ್ಟು ಉದ್ದ. ಗೌಡರ ಮನೆಯಿಂದ ಅದನ್ನು ಕೇಳಿ ತಂದವರು ಸಾಕ್ಷಾತ್ ನಮ್ಮವರೇ! ಅವರಿಗೂ ಸೈನ್ಸ್ ಕ್ಲಬ್ಬಿನ ಕಥೆಯನ್ನೇ ಹೇಳಿದ್ದೆ.

ಅವರ ರಜೆಯ ಕೊನೆಯ ವಾರ ಅದು. ಲುಂಗಿ ಎತ್ತಿ ಕಟ್ಟಿ, ಬಿಸಿಲಿನಲ್ಲಿ ದೋಟಿ ಹಿಡಿದು ನಿಂತು, "ಸಾಕಾ ಜುಬಿ? ಇನ್ನೂ ಮೇಲೆ ಬೇಕಾ?" ಎಂದು ಕೇಳುತ್ತಿದ್ದರು. (ನಮ್ಮ ಮಾತೆಲ್ಲ ಬ್ಯಾರಿ ಭಾಷೆಯಲ್ಲಿ, ಕನ್ನಡ ಮಾಡಿದ್ದು ನಾನು.) ತಾನು ಹೋಗುವುದನ್ನು ಕೇಳಲಿಕ್ಕೆ ಈ ಏರ್ಪಾಡು ಎಂದು ಆ ಮನುಷ್ಯನಿಗೆ ಗೊತ್ತಿಲ್ಲ. ನನಗೆ ಕಣ್ಣು ತುಂಬಿ ಬಂತು. ಬಿಸಿಲು ಎಂದೆ.

ಇಷ್ಟೆಲ್ಲ ಮಾಡಿ ಕೇಳಿಸಿದ್ದೇನು? ಬರೀ ‘ಸ್ಸ್’ ಎಂಬ ಸದ್ದು. ಕೇಬಲ್ ಬದಲಾಯಿಸಿದೆ, ತಂತಿ ಬದಲಾಯಿಸಿದೆ, ದೋಟಿಯನ್ನು ಇನ್ನಷ್ಟು ಎಳೆದೆ. ರಿಸೀವರಿನ ಜೊತೆ ಬಂದ ಗಿಡ್ಡ ರಬ್ಬರ್ ಆಂಟೆನಾವಾದರೂ ಒಮ್ಮೊಮ್ಮೆ ಒಂದು ತುಂಡು ಮಾತು ಹಿಡಿಯುತ್ತಿತ್ತು. ದೋಟಿಯ ಮೇಲಿನದ್ದು ಅದನ್ನೂ ಹಿಡಿಯಲಿಲ್ಲ. ಅವರು ಹೊರಡುವ ದಿನ ಹತ್ತಿರ ಬರುತ್ತಿತ್ತು. ನನಗೆ ಸಿಟ್ಟು, ಅಳು ಎರಡೂ ಒಟ್ಟಿಗೆ ಬಂತು.

ದೋಟಿ ಇಳಿಸುವಾಗ ಅದರ ಬುಡದಲ್ಲಿದ್ದ ಸ್ಟಿಕ್ಕರ್ ಕಣ್ಣಿಗೆ ಬಿತ್ತು. ‘ವಿದ್ಯುತ್ ತಂತಿಗಳಿಂದ ದೂರವಿಡಿ.’ ಯಾಕೆ ದೂರ ಇಡಬೇಕು? ಕಾರ್ಬನ್ನಿನಲ್ಲಿ ಕರೆಂಟ್ ಹರಿಯುತ್ತದೆ, ಅದಕ್ಕೆ! ವರ್ಷ ವರ್ಷ ಪೆನ್ಸಿಲ್ ಕಡ್ಡಿಯಲ್ಲಿ ಕರೆಂಟ್ ಹರಿಸಿ ಬಲ್ಬ್ ಉರಿಸಿ ತೋರಿಸುವ ಸೈನ್ಸ್ ಟೀಚರ್ ನಾನು. ಅಂಥ ಕಂಬಕ್ಕೆ ಒತ್ತಿ ಕಟ್ಟಿದರೆ ತಂತಿಗೆ ಬರುವ ಸಿಗ್ನಲನ್ನು ಕಂಬವೇ ಕೆಡಿಸದೆ ಇನ್ನೇನಾದೀತು? ಅಡಿಕೆ ಊರಿನವರಲ್ಲದೆ ಬೇರೆ ಯಾರೂ ಈ ತಪ್ಪು ಮಾಡಲಾರರು.

ದೋಟಿ ಗೌಡರ ಮನೆಗೆ ಹೋಯಿತು. ತಂತಿ ಪಿವಿಸಿ ಪೈಪಿಗೆ ಏರಿತು. ಅದೇ ಸಂಜೆ ಯಾರೋ ಪೈಲಟ್ ನಮ್ಮ ಟೆರೇಸಿನಲ್ಲಿ ಮಾತಾಡಿದ.

ಹೊರಡುವ ದಿನ ಬಂತು. ನಮ್ಮಲ್ಲಿ ಗಲ್ಫಿಗೆ ಹೋಗುವವರನ್ನು ಬಿಡಲು ಕಾರು ತುಂಬ ಗಂಡಸರು ಹೋಗುವುದು ರೂಢಿ. ಭಾವ, ಅಳಿಯ, ಭಾವನ ಗೆಳೆಯ, ಹೇಗೂ ಮಂಗಳೂರಿನಲ್ಲಿ ಕೆಲಸ ಇದ್ದವರು. ವಾಪಸ್ ಬಂದವರಿಗೆಲ್ಲ ಊಟ ಆಗಬೇಕಲ್ಲ? ಹಾಗಾಗಿ ಹೆಂಡತಿ ಅಡುಗೆಮನೆಯಲ್ಲಿ. ಅವರು ಸಲಾಂ ಹೇಳಿ ಕಾರು ಹತ್ತಿದರು. ನಾನು ಮಸಾಲೆ ಕಡೆದು ಇಟ್ಟು ಟೆರೇಸು ಹತ್ತಿದೆ.

ಟೇಕಾಫ್ ಕೇಳಿಸಲಿಲ್ಲ. ಈ ರೇಡಿಯೊ ಮಾತು ನೇರ ಗೆರೆಯಲ್ಲಿ ಹೋಗುವಂಥದ್ದು, ನಡುವೆ ಗುಡ್ಡ ಬಂದರೆ ಮುಗಿಯಿತು. ವಿಮಾನ ಗುಡ್ಡಗಳಿಗಿಂತ ಮೇಲೇರಿದ ಮೇಲೆ ಒಮ್ಮೆಲೇ ಪೈಲಟ್‌ನ ಸ್ವರ ಬಂತು. ನಮ್ಮವರ ವಿಮಾನದ ನಂಬರನ್ನೇ ಹೇಳಿದ! (ಕೇಳಿದ್ದನ್ನು ಹೊರಗೆ ಹೇಳಬಾರದಂತೆ, ಹಾಗಾಗಿ ವಿವರ ಬರೆಯುವುದಿಲ್ಲ.) ಎಳೆಯ ಸ್ವರ, ಅವಸರದ ಇಂಗ್ಲಿಷು. ಏನೋ ಕೇಳಿದ, ಯಾವುದಕ್ಕೋ ಉತ್ತರ ಕೊಟ್ಟ. ಆದರೆ ನೆಲದಿಂದ ಅವನೊಡನೆ ಮಾತಾಡುತ್ತಿದ್ದವರ ಸ್ವರ ಗುಡ್ಡದ ಆಚೆಯೇ ಉಳಿಯಿತು. ಎಷ್ಟು ಸಾವಿರದ ಆಂಟೆನಾ ತಂದರೂ ಅದು ಬೆಳ್ಳಾರೆಗೆ ಬಾರದು. ನನಗೆ ಸಿಕ್ಕಿದ್ದು ಅರ್ಧ ಸಂಭಾಷಣೆ ಮಾತ್ರ.

ಅರ್ಧ ಸಂಭಾಷಣೆ ನನಗೆ ಹೊಸದೇ? ಇಷ್ಟು ವರ್ಷ ಫೋನಿನಲ್ಲಿ ನಾವು ಆಡಿದ್ದೂ ಅದೇ. ‘ಊಟ ಆಯ್ತು’, ‘ಆರಾಮ’, ‘ಇಲ್ಲಿ ಸೆಕೆ’. ಜ್ವರ ಬಂದಾಗ ಅವರು ಹೇಳುವುದಿಲ್ಲ, ಬೇಸರ ಬಂದಾಗ ನಾನು ಹೇಳುವುದಿಲ್ಲ.

ಪೈಲಟ್ ಇನ್ನೊಂದು ಫ್ರೀಕ್ವೆನ್ಸಿಯ ನಂಬರ್ ಹೇಳಿ, ಯಾರಿಗೋ "ಗುಡ್ ಡೇ" ಎಂದು ಹೊರಟುಹೋದ. ರೇಡಿಯೊದಲ್ಲಿ ಮತ್ತೆ ‘ಸ್ಸ್’. ಟೆರೇಸಿನ ಮೇಲೆ ಕೂತು ಅತ್ತೆ. ನನ್ನನ್ನು ಒಂಟಿತನ ಕಾಡುತ್ತದೆ. ತುಂಬಾ ಕಾಡುತ್ತದೆ. ಇದನ್ನು ಇಲ್ಲಿ ಬರೆಯುತ್ತಿದ್ದೇನೆ, ಅವರಿಗೆ ಒಮ್ಮೆಯೂ ಹೇಳಿದವಳಲ್ಲ.

ಮುಟ್ಟಿದ ಮೇಲೆ ಅವರು ಫೋನ್ ಮಾಡಿದರು. ಸೈನ್ಸ್ ಕ್ಲಬ್ ಸುಳ್ಳು, ಆಂಟೆನಾ ನಿಮ್ಮ ವಿಮಾನಕ್ಕೆ ಎಂದು ಹೇಳಿಬಿಟ್ಟೆ.

"ಇಷ್ಟೆಲ್ಲ ಯಾಕೆ ಮಾಡಿದ್ದು ಜುಬಿ? ನಾನೂ ಏರ್‌ಪೋರ್ಟಿಗೆ ಬರ್ತೇನೆ ಅಂತ ಒಂದು ಮಾತು ಹೇಳಬಹುದಿತ್ತಲ್ಲ?"

ಹೇಳಬಹುದಿತ್ತು. ಆದರೆ, "ನೀನೂ ಬರ್ತಿಯಾ?" ಎಂದು ಅವರೂ ಒಂದು ಮಾತು ಕೇಳಬಹುದಿತ್ತಲ್ಲವೇ?